ಖಾಲಿ ಅಡೆಗಲ್ಲಿಗೆ ಎರಡು ಏಟು

ಕುಲುಮೆಯಲ್ಲಿ ಬಾಯಿ ಮಾತು ನಡೆಯುವುದಿಲ್ಲ. ತಿದಿಯ ಗಾಳಿ, ಬೆಂಕಿಯ ಭೋರು, ಕಾದ ಕಬ್ಬಿಣದ ಮೇಲೆ ಬೀಳುವ ಸಮ್ಮಟಿಯ ಸದ್ದು, ಇದರ ನಡುವೆ ಗಂಟಲು ಹರಿದುಕೊಂಡರೂ ಎದುರಿಗೆ ನಿಂತವನಿಗೆ ಕೇಳಿಸದು. ಅದಕ್ಕೇ ನಮ್ಮಪ್ಪ ನನಗೂ ನನ್ನ ತಮ್ಮನಿಗೂ ಎಲ್ಲಕ್ಕಿಂತ ಮೊದಲು ಕಲಿಸಿದ್ದು ಒಂದು ಸದ್ದು.

ಅಪ್ಪ ಒಂದು ಕೈಯಲ್ಲಿ ಇಕ್ಕಳ ಹಿಡಿದು ಕಾದ ಕಬ್ಬಿಣವನ್ನು ಅಡೆಗಲ್ಲಿನ ಮೇಲೆ ಇಡುತ್ತಿದ್ದರು. ಇನ್ನೊಂದು ಕೈಯ ಚಿಕ್ಕ ಸುತ್ತಿಗೆಯಿಂದ ಎಲ್ಲಿ ಬಡಿಯಬೇಕೋ ಅಲ್ಲಿ ತಟ್ಟಿ ತೋರಿಸುತ್ತಿದ್ದರು. ನಾವಿಬ್ಬರು ಒಬ್ಬರಾದ ಮೇಲೆ ಒಬ್ಬರು ಅಲ್ಲಿಗೆ ಸಮ್ಮಟಿ ಇಳಿಸಬೇಕು. ಸಮ್ಮಟಿ ಅಂದರೆ ಎರಡೂ ಕೈಯಲ್ಲಿ ಎತ್ತುವ ದೊಡ್ಡ ಸುತ್ತಿಗೆ. ಅಪ್ಪನ ಚಿಕ್ಕ ಸುತ್ತಿಗೆ ಕಬ್ಬಿಣ ಬಿಟ್ಟು ಖಾಲಿ ಅಡೆಗಲ್ಲಿನ ಅಂಚಿಗೆ ಟಣ್ ಟಣ್ ಅಂತ ಎರಡು ಸಲ ತಾಗಿತು ಅಂದರೆ ನಿಲ್ಲಿಸು ಅಂತ ಅರ್ಥ. ಸಮ್ಮಟಿ ನೆಲದಲ್ಲಿರಲಿ, ತಲೆಯ ಮೇಲಿರಲಿ, ಎಲ್ಲಿದೆಯೋ ಅಲ್ಲೇ ನಿಲ್ಲಬೇಕು. ಮರುಗಳಿಗೆಯಲ್ಲಿ ಅಪ್ಪನ ಕೈ ಅಡೆಗಲ್ಲಿನ ಮೇಲೆ ಬಂದಿರುತ್ತಿತ್ತು, ಕಬ್ಬಿಣ ತಿರುಗಿಸುವುದಕ್ಕೆ.

ಸದ್ದಾದ ಮೇಲೂ ಸಮ್ಮಟಿ ಇಳಿಸಿದವನಿಗೆ ಇಕ್ಕಳದ ಹಿಡಿಯಿಂದ ಮೊಣಕೈ ಗಂಟಿಗೆ ಬೀಳುತ್ತಿತ್ತು. ಕೈ ಹೆಗಲ ತನಕ ಜುಮ್ಮೆಂದು ಸತ್ತುಹೋಗುತ್ತಿತ್ತು. ಸತ್ತ ಕೈಯಲ್ಲೇ ಮತ್ತೆ ಸಮ್ಮಟಿ ಎತ್ತಬೇಕು. ಹೀಗೆ ಕಲಿತದ್ದು. ಸ್ವಲ್ಪ ಕಾಲದಲ್ಲೇ ಕಿವಿಗೂ ಕೈಗೂ ನಡುವೆ ತಲೆ ಬರುವುದೇ ನಿಂತುಹೋಯಿತು. ಸದ್ದು ಕೇಳಿತು, ಕೈ ನಿಂತಿತು, ಅಷ್ಟೆ.

ನನ್ನ ತಮ್ಮ ಹುಟ್ಟಾ ಎಡಗೈಯವನು. ಬೀದಿಯಲ್ಲಿ ಎಲ್ಲರೂ ಎಡಚ ಅಂತಲೇ ಕರೆಯುತ್ತಿದ್ದರು. ಕುಲುಮೆಯಲ್ಲಿ ಮಾತ್ರ ಅದು ಅಪ್ಪನಿಗೆ ಹಬ್ಬದೂಟ. ನಾನು ಬಲ ಹೆಗಲ ಮೇಲಿಂದ ಸಮ್ಮಟಿ ಬೀಸುತ್ತಿದ್ದೆ, ಅವನು ಎಡ ಹೆಗಲ ಮೇಲಿಂದ. ಅಡೆಗಲ್ಲಿನ ಆ ಕಡೆ ಒಬ್ಬ, ಈ ಕಡೆ ಒಬ್ಬ. ಎರಡು ಸಮ್ಮಟಿಗಳು ಯಾವತ್ತೂ ಒಂದರ ದಾರಿಗೆ ಇನ್ನೊಂದು ಬರುತ್ತಿರಲಿಲ್ಲ. "ಇಂಥ ಜೋಡಿ ಬೇರೆ ಯಾವ ಕುಲುಮೆಯಲ್ಲೂ ಇಲ್ಲ ನೋಡ್ರೋ" ಎಂದು ಅಪ್ಪ ಗಿರಾಕಿಗಳ ಮುಂದೆ ಕೊಚ್ಚಿಕೊಳ್ಳುತ್ತಿದ್ದರು. ಸ್ಕೂಲಿಗೆ ಹೊರಟಾಗ ಅದೇ ಅಪ್ಪ ತಮ್ಮನಿಗೆ ಹೇಳುತ್ತಿದ್ದರು, "ಅಲ್ಲಿ ಬಲಗೈ, ಇಲ್ಲಿ ಎಡಗೈ. ನೆನಪಿರಲಿ."

ಅವನಿಗೆ ನೆನಪಿರುತ್ತಿತ್ತು, ಅವನ ಕೈಗೆ ನೆನಪಿರುತ್ತಿರಲಿಲ್ಲ.

ನಮ್ಮ ಸ್ಕೂಲಿನ ಮೇಷ್ಟ್ರಿಗೆ ರೂಲು ಮೇಷ್ಟ್ರು ಅಂತ ಹೆಸರು. ಅವರ ಕೈಯಲ್ಲಿ ಕರಿಮರದ ದುಂಡು ರೂಲುದೊಣ್ಣೆ ಇರುತ್ತಿತ್ತು. ಅದರಿಂದ ಗೆರೆ ಎಳೆದದ್ದನ್ನು ನಾನಂತೂ ನೋಡಿಲ್ಲ. ಮಕ್ಕಳನ್ನು ಸೇರಿಸಲು ಬಂದ ಅಪ್ಪಂದಿರೆಲ್ಲ ಒಂದೇ ಮಾತು ಹೇಳಿ ಹೋಗುತ್ತಿದ್ದರು, "ಕಣ್ಣೊಂದು ಬಿಟ್ಟು ಎಲ್ಲಿ ಬೇಕಾದ್ರೂ ಹೊಡೀರಿ ಮೇಷ್ಟ್ರೇ, ನಾವು ಕೇಳೋದಿಲ್ಲ." ಮೇಷ್ಟ್ರು ಮಾತಿಗೆ ತಪ್ಪಿದವರಲ್ಲ. ಕಣ್ಣು ಬಿಡುತ್ತಿದ್ದರು.

ತಮ್ಮನ ಎಡಗೈಯನ್ನು ಹಳೇ ಬಟ್ಟೆಯ ಪಟ್ಟಿಯಿಂದ ಸೊಂಟಕ್ಕೆ ಕಟ್ಟಿ ಕೂರಿಸುತ್ತಿದ್ದರು. ಒಂದು ದಿನ ಗಂಟು ಸಡಿಲವಾಗಿತ್ತು. ಬೋರ್ಡಿನ ಮೇಲೆ ಲೆಕ್ಕ ಬಿಡಿಸಲು ಕರೆದರು. ಅವನು ಎದ್ದುಹೋದ. ಸೀಮೆಸುಣ್ಣ ತನ್ನಷ್ಟಕ್ಕೆ ಎಡಗೈಗೆ ಹೋಯಿತು. ಲೆಕ್ಕ ಸರಿಯಾಗಿಯೇ ಇತ್ತು, ಅದು ನನಗೆ ಚೆನ್ನಾಗಿ ನೆನಪಿದೆ. ಮೇಷ್ಟ್ರು ಬೋರ್ಡು ನೋಡಲಿಲ್ಲ. ಅವನ ಮುಂಗೈ ಹಿಡಿದೆಳೆದು ಮೇಜಿನ ಅಂಚಿನ ಮೇಲೆ ಚಾಚಿಸಿ ರೂಲು ಎತ್ತಿದರು. ಮೊದಲ ಏಟಿಗೆ ತಮ್ಮ ಕೂಗಿದ. ಎರಡನೇ ಏಟಿಗೆ ಕೂಗಲಿಲ್ಲ. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಒಣಕಡ್ಡಿ ಮುರಿದ ಹಾಗಲ್ಲ, ಹಸಿಕಡ್ಡಿ ಮುರಿದ ಹಾಗೆ. ಕ್ಲಾಸು ನಗುತ್ತಿತ್ತು. ನಗದವನಿಗೆ ಮುಂದಿನ ಸರದಿ ಅಂತ ಎಲ್ಲರಿಗೂ ಗೊತ್ತಿತ್ತಲ್ಲ.

ಎರಡು ಕ್ಲಾಸಿಗೂ ಒಂದೇ ಕೋಣೆ, ಹಾಗಾಗಿ ನಾನೂ ಅಲ್ಲೇ ಇದ್ದೆ. ಬೆಂಚು ಹಾರಿದ್ದು ನೆನಪಿಲ್ಲ. ಮೇಷ್ಟ್ರ ಮಣಿಕಟ್ಟು ನನ್ನ ಹಲ್ಲಿನ ನಡುವೆ ಇದ್ದದ್ದು ನೆನಪಿದೆ, ಬಾಯಿಗೆ ಉಪ್ಪುಪ್ಪು ರಕ್ತ ಬಂದದ್ದು ನೆನಪಿದೆ. ನನ್ನನ್ನು ಕಿತ್ತು ಗೋಡೆಗೆ ಎಸೆದರು. ಗೋಡೆಯ ಮೊಳೆ ತಲೆಯ ಹಿಂದೆ ಇಳಿಯಿತು. ನನ್ನ ಓದು ಮುಗಿದದ್ದು ಆ ಮೊಳೆಯಲ್ಲಿ.

ಸಂಜೆ ಅಪ್ಪ ಚರ್ಮದ ಏಪ್ರನ್ನು ಕೂಡ ಬಿಚ್ಚದೆ ಸ್ಕೂಲಿಗೆ ಹೊರಟರು. ಇವತ್ತು ಮೇಷ್ಟ್ರ ಹೆಣ ಬೀಳುತ್ತದೆ ಅಂದುಕೊಂಡು ನಾನು ಓಡೋಡಿ ಹಿಂದೆ ಹೋದೆ. ಅಪ್ಪ ಮೇಷ್ಟ್ರ ಮುಂದೆ ತಲೆ ತಗ್ಗಿಸಿ ನಿಂತರು. "ತಪ್ಪಾಯ್ತು ಸ್ವಾಮಿ. ಕಚ್ಚಿದವನನ್ನ ನಾನು ವಿಚಾರಿಸ್ಕೋತೀನಿ" ಅಂದರು. ಮನೆಗೆ ಬಂದು ಬೆಲ್ಟಿನ ಕೊಂಡಿ ಕಿತ್ತುಬರುವ ತನಕ ವಿಚಾರಿಸಿಕೊಂಡರು. ಅಮ್ಮ ಮೂಲೆಯಲ್ಲಿ ಕೂತು ತಮ್ಮನ ಬೆರಳಿಗೆ ಬಟ್ಟೆ ಸುತ್ತುತ್ತಿದ್ದಳು. ಕಿರುಬೆರಳು, ಅದರ ಪಕ್ಕದ್ದು, ಎರಡೂ ಆಮೇಲೆ ಯಾವತ್ತೂ ಮಡಚಲಿಲ್ಲ.

ಆ ಕೈಯಲ್ಲಿ ಸಮ್ಮಟಿಯ ಹಿಡಿತ ಕೂರುತ್ತಿರಲಿಲ್ಲ. ಅಪ್ಪ ಅವನನ್ನು ಬಲ ಹೆಗಲಿಗೆ ತಿರುಗಿಸಿದರು. ಈಗ ಇಬ್ಬರದೂ ಒಂದೇ ದಾರಿ. ಒಂದು ದಿನ ನನ್ನ ಸಮ್ಮಟಿ ಇಳಿಯುವ ಹೊತ್ತಿಗೆ ಅವನದೂ ಅಡ್ಡ ಬಂತು. ಉಕ್ಕಿಗೆ ಉಕ್ಕು ಬಡಿದು ಹಾರಿದ ಚಕ್ಕೆ ನನ್ನ ಎಡಗಣ್ಣಿಗೆ ಹೊಕ್ಕಿತು. ಆಸ್ಪತ್ರೆಯಲ್ಲಿ ಹೇಗಾಯ್ತು ಅಂತ ಕೇಳಿದರು. "ಬಿದ್ದ" ಅಂದರು ಅಪ್ಪ. ತಮ್ಮನ ಬೆರಳಿಗೂ ಹಾಗೇ ಹೇಳಿದ್ದರು. ನಮ್ಮ ಕಾಲದಲ್ಲಿ ಮಕ್ಕಳು ಬಹಳ ಬೀಳುತ್ತಿದ್ದರು.

ಅಂದಿನಿಂದ ನನಗೆ ಒಂದೇ ಕಣ್ಣು. ವಸ್ತು ಕಾಣುತ್ತದೆ, ಅದು ಹತ್ತಿರವೋ ದೂರವೋ ತಿಳಿಯದು. ಲೋಟಕ್ಕೆ ಕೈ ಹಾಕಿದರೆ ಗಾಳಿ ಸಿಗುತ್ತದೆ. ಇದನ್ನು ಈಗಲೇ ಹೇಳಿಬಿಟ್ಟೆ, ಮುಂದೆ ಬೇಕಾಗುತ್ತದೆ.

ಅಪ್ಪ ಅಮ್ಮ ಹೋದರು, ನನ್ನವಳು ಹೋದಳು, ತಮ್ಮನವಳೂ ಹೋದಳು. ಮನೆಯ ಹಿಂದಿನ ಕುಲುಮೆ ಉಳಿಯಿತು. ಕಟ್ಟಡ ಕೆಲಸದವರ ಹಾರೆ, ಪಿಕಾಸಿ, ಉಳಿ ಮೊನೆ ಮಾಡಿಕೊಡುವುದು, ಕತ್ತರಿ ಸಾಣೆ ಹಿಡಿಯುವುದು, ಇಷ್ಟು ಕೆಲಸ ಇಬ್ಬರು ಮುದುಕರಿಗೆ ಸಾಕು. ತಮ್ಮನ ಮಗ ಕುಲುಮೆಗೆ ಕಾಲಿಡಲಿಲ್ಲ. ಅವನದು ಕರೆಂಟು ಕಂಬ ಹತ್ತುವ ಕೆಲಸ. "ಹೊಗೆ ಕುಡಿದು ನೀವಿಬ್ಬರು ಸಂಪಾದಿಸಿದ್ದು ಕೆಮ್ಮೊಂದೇ ದೊಡ್ಡಪ್ಪ" ಎಂದು ನನಗೆ ಹೇಳುತ್ತಾನೆ. ಅವನಿಗೆ ಒಬ್ಬಳೇ ಮಗಳು. ಪುಟ್ಟಿ ಅಂತ ಕರೆಯುತ್ತೇವೆ. ನನ್ನ ತಮ್ಮ ಅವಳಿಗೆ ತಾತ, ನಾನು ದೊಡ್ಡತಾತ.

ಪುಟ್ಟಿ ಎಡಗೈಯವಳು.

ಅವಳು ಮೊದಲ ಸಲ ಎಡಗೈಯಲ್ಲಿ ಚಮಚ ಹಿಡಿದ ದಿನ ತಮ್ಮ ಊಟ ಬಿಟ್ಟು ಎದ್ದುಹೋದ. ಆಮೇಲೆ ಶುರುವಾಯಿತು. ಪೆನ್ಸಿಲು ಕಿತ್ತು ಬಲಗೈಗೆ ತುರುಕುವುದು, ಎಡಗೈಗೆ ಬೆರಳಿಂದ ಟಪ್ಪನೆ ಹೊಡೆಯುವುದು. ಸೊಸೆ ಹೇಳಿದಳು, "ಮಾವ, ಈಗ ಸ್ಕೂಲಲ್ಲೇ ಏನೂ ಅನ್ನಲ್ಲ. ಯಾವ ಕೈಯಲ್ಲಾದ್ರೂ ಬರೀಲಿ ಅಂತಾರೆ ಟೀಚರ್ರು."

"ಸ್ಕೂಲು ಬದಲಾಯ್ತಮ್ಮ. ಪ್ರಪಂಚ ಬದಲಾಯ್ತಾ?" ಅಂದ ತಮ್ಮ.

ಒಂದು ಭಾನುವಾರ ಊಟಕ್ಕೆ ಕೂತಾಗ ಚಮಚದ ಹಿಡಿಯಿಂದ ಅವಳ ಬೆರಳಿಗೆ ಬಾರಿಸಿದ. ಚರ್ಮ ಒಡೆದು ತಟ್ಟೆಯಲ್ಲಿ ರಕ್ತ ತೊಟ್ಟಿಕ್ಕಿತು. ಮಗ ಎದ್ದು ನಿಂತ. ಕುರ್ಚಿ ಹಿಂದಕ್ಕೆ ಬಿತ್ತು. "ಅಪ್ಪಾ, ಇನ್ನೊಂದು ಸಲ ಅವಳ ಕೈ ಮುಟ್ಟಿದ್ರೆ ನಿನ್ನ ಕೈ ಮುರೀತೀನಿ. ಆಟಕ್ಕೆ ಹೇಳ್ತಿಲ್ಲ."

"ನಮ್ಮಪ್ಪನಿಗೆ ನಾನು ಈ ಮಾತು ಅಂದಿದ್ರೆ ನಾಲಿಗೆ ಕಿತ್ತು ಕೈಗೆ ಕೊಡ್ತಿದ್ರು."

"ಅದಕ್ಕೇ ನೀನು ಹೀಗಾಗಿರೋದು."

ತಮ್ಮ ತಟ್ಟೆ ತಳ್ಳಿ ಕುಲುಮೆಗೆ ಬಂದು ಕೂತ. ನಾನು ಪಕ್ಕದಲ್ಲಿ ಕೂತೆ. ಅವನು ಅಂದ, "ಅಣ್ಣ, ನಾನೇನು ಅವಳಿಗೆ ಶತ್ರುವಾ? ನಾಳೆ ಯಾವನೋ ಮುರೀತಾನೆ. ಅದಕ್ಕಿಂತ ಮೊದಲು ನಾನು ಮೆತ್ತಗೆ ತಿದ್ದಿದರೆ ತಪ್ಪಾ?"

"ರಕ್ತ ಬಂತಲ್ಲೋ."

"ಅದೇ ಮೆತ್ತಗೆ" ಅಂದ ಅವನು. ತನ್ನ ಎರಡು ಬೆರಳು ಚಾಚಿ ತೋರಿಸಿದ. ಅವನ ಅಳತೆಯಲ್ಲಿ ಅದು ಸರಿಯೇ ಇತ್ತು.

ಇದಾಗಿ ಕೆಲವು ದಿನಕ್ಕೆ, ಒಂದು ಮಧ್ಯಾಹ್ನ, ಬ್ಯಾಂಕು ಬಂದ. ಅವನು ನಮ್ಮ ಜೊತೆ ಓದಿದವನು. ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತಿಯಾದ, ಹೆಸರು ಹಾಗೇ ನಿಂತಿತು. ಗಿಡ ಕತ್ತರಿಸುವ ದೊಡ್ಡ ಕತ್ತರಿಯೊಂದನ್ನು ಸಾಣೆಗೆ ತಂದಿದ್ದ. ತಮ್ಮ ಬೆಂಕಿಯ ಹತ್ತಿರ ಹಾರೆಯ ಮೊನೆ ಕಾಯಿಸುತ್ತಿದ್ದ.

"ಏನ್ರಪ್ಪ, ಇನ್ನೂ ಉಸಿರಾಡ್ತಿದೀರಾ?" ಬ್ಯಾಂಕು ಕರವಸ್ತ್ರದಿಂದ ಬೆಂಚು ಒರೆಸಿ ಕೂತ.

"ನಿನ್ನ ಕತ್ತರಿ ಬರಲಿ ಅಂತ ಹಿಡಿದುಕೊಂಡಿದ್ವಿ" ಅಂದೆ.

"ಕತ್ತರಿ ಒಂದು ನೆಪ ಕಣಯ್ಯ. ನಮ್ಮ ಸ್ಕೂಲಿನಲ್ಲಿ ರೂಲು ಮೇಷ್ಟ್ರ ಫೋಟೋ ಹಾಕಿಸ್ತಿದೀವಿ. ಇಷ್ಟು ದೊಡ್ಡದು. ಹಳೇ ಹುಡುಗರೆಲ್ಲ ಸೇರ್ತಾರೆ. ಪರದೆ ಸರಿಸೋದಕ್ಕೆ ನಿನ್ನ ತಮ್ಮನೇ ಬರಬೇಕು. ಎಡಚನನ್ನ ಬಲಗೈಯವನನ್ನಾಗಿ ಮಾಡಿದ್ರಲ್ಲ ಮೇಷ್ಟ್ರು! ಇದಕ್ಕಿಂತ ಜೀವಂತ ಸಾಕ್ಷಿ ಬೇಕಾ? ಆ ಏಟು ತಿಂದಿದ್ದಕ್ಕೇ ನಾವು ಮನುಷ್ಯರಾಗಿದ್ದು."

"ಅದಕ್ಕೆ ಮೊದಲು ಏನಾಗಿದ್ವೋ?" ಅಂದೆ.

"ನಿನ್ನದು ಬಿಡು. ನೀನು ಕಚ್ಚಿ ಹೋದವನು." ಬ್ಯಾಂಕು ಕೇಕೆ ಹಾಕಿ ನಕ್ಕ. "ಈಗಿನ ಮಕ್ಕಳನ್ನ ನೋಡು. ಟೀಚರು ಕಣ್ಣು ಬಿಟ್ಟರೆ ಸಾಕು, ಅಪ್ಪ ಅಮ್ಮ ಇಬ್ಬರೂ ಜಗಳಕ್ಕೆ ಹಾಜರು. ಭಯ ಅನ್ನೋದೇ ಇಲ್ಲ. ನಿಮ್ಮ ಮೊಮ್ಮಗಳೂ ಎಡಗೈಯಂತೆ, ಹೌದಾ? ಮೇಷ್ಟ್ರಿದ್ದಿದ್ರೆ ಒಂದೇ ವಾರ."

ತಮ್ಮ ಹಾರೆ ತಿರುಗಿಸುತ್ತಲೇ ಅಂದ, "ಪರದೆ ಸರಿಸೋಕೆ ಬರ್ತೀನಿ."

ನಾನು ಅವನ ಮುಖ ನೋಡಿದೆ. ಅವನು ಬೆಂಕಿ ನೋಡುತ್ತಿದ್ದ.

ಅಷ್ಟರಲ್ಲಿ ಪುಟ್ಟಿ ಸ್ಕೂಲಿಂದ ಬಂದಳು. ಚೀಲ ಬಾಗಿಲಲ್ಲೇ ಬಿಸಾಕಿ ಓಡಿಬಂದು ಕೈ ಚಾಚಿದಳು. "ದೊಡ್ಡತಾತ, ನೋಡಿ! ಟೀಚರ್ ನನಗೇ ಅಂತ ತಂದುಕೊಟ್ಟಿದ್ದು. ಬೇರೆ ಯಾರಿಗೂ ಇಲ್ಲ!" ಹಸಿರು ಹಿಡಿಯ ಪುಟ್ಟ ಕತ್ತರಿ. ಕಾಗದ ಕತ್ತರಿಸುವಂಥದ್ದು.

"ಇಲ್ಲಿ ಕೊಡು" ಅಂದ ತಮ್ಮ. ಕತ್ತರಿ ಕಂಡರೆ ಅವನು ಬಿಡುವವನಲ್ಲ. ಕೈ ಒರೆಸಿ ಬಲಗೈಯ ಬೆರಳು ತೂರಿಸಿ, ಬ್ಯಾಂಕು ತಂದ ಕತ್ತರಿಗೆ ಸುತ್ತಿದ್ದ ಹಳೇ ಪೇಪರನ್ನು ಕತ್ತರಿಸಲು ನೋಡಿದ. ಪೇಪರು ಅಲಗಿನ ನಡುವೆ ಮಡಚಿಕೊಂಡು ಸಿಕ್ಕಿಬಿತ್ತು. ಇನ್ನೊಮ್ಮೆ ಮಾಡಿದ. ಮತ್ತೆ ಮಡಚಿತು. "ಯಾವ ಮುಠ್ಠಾಳ ಮಾಡಿದ್ದು ಇದನ್ನ? ಅಲಗನ್ನೇ ಉಲ್ಟಾ ಕೂರಿಸಿದಾನೆ."

ಪುಟ್ಟಿ ನಕ್ಕಳು. "ಅಯ್ಯೋ ತಾತ, ಅದು ಎಡಗೈ ಕತ್ತರಿ. ಆ ಕೈಯಲ್ಲಿ ಬರಲ್ಲ. ಈ ಕೈಗೆ ಹಾಕ್ಕೊಳ್ಳಿ." ಅವನ ಎಡಗೈ ಹಿಡಿದು ತಾನೇ ಕತ್ತರಿಯ ಕಣ್ಣಿಗೆ ಬೆರಳು ತೂರಿಸಿದಳು. "ಹ್ಞೂಂ, ಈಗ."

ತಮ್ಮ ಕತ್ತರಿಸಿದ. ಪೇಪರು ಸರ್ರನೆ ಸೀಳಿಕೊಂಡು ಹೋಯಿತು, ದಾರ ಎಳೆದ ಹಾಗೆ ನೆಟ್ಟಗೆ. ಕೊನೆಯ ತನಕ ಹೋಗಿ ಎರಡು ತುಂಡಾಗಿ ಬಿತ್ತು.

ಜೀವಮಾನವೆಲ್ಲ ಕತ್ತರಿ ಸಾಣೆ ಹಿಡಿದವನು ಅವನು. ಬಟ್ಟೆಯ ಮೇಲೆ ಪರೀಕ್ಷೆ ಮಾಡುವಾಗ ಮಾತ್ರ, "ಅಣ್ಣ, ನೀನು ನೋಡು, ನನ್ನ ಕೈ ಕತ್ತರಿಗೆ ಆಗಿಬರಲ್ಲ" ಎಂದು ನನಗೆ ಕೊಡುತ್ತಿದ್ದ. ತನ್ನದು ದಡ್ಡ ಕೈ ಅಂತ ಅವನೇ ತೀರ್ಮಾನ ಮಾಡಿಕೊಂಡಿದ್ದ.

ಬ್ಯಾಂಕು ಸುಮ್ಮನಿರಬಹುದಿತ್ತು. "ಲೋ ಎಡಚ!" ಅಂದ, ಹೊಟ್ಟೆ ಹಿಡಿದು ನಗುತ್ತ. "ಇನ್ನೂ ಹೋಗಿಲ್ಲ ನೋಡು ನಿನ್ನ ಚಾಳಿ! ಮೇಷ್ಟ್ರ ಶ್ರಮ ಎಲ್ಲ ನೀರಲ್ಲಿ ಹೋಮ."

ತಮ್ಮನ ಮುಖ ಬೂದಿಯ ಬಣ್ಣಕ್ಕೆ ತಿರುಗಿತು. ಬೆರಳಿಂದ ಕತ್ತರಿ ಕಿತ್ತು ಬೆಂಕಿಗೆ ಎಸೆದ.

ಹಸಿರು ಹಿಡಿ ಭಗ್ಗನೆ ಹತ್ತಿಕೊಂಡಿತು. ಪುಟ್ಟಿ "ನಂದು!" ಅಂತ ಕಿರುಚಿ ಮುನ್ನುಗ್ಗಿದಳು. ಅವಳ ಎಡಗೈ ನೇರ ಕೆಂಡಕ್ಕೇ ಹೊರಟಿತ್ತು. ತಮ್ಮ ಅವಳ ಮುಂಗೈ ಹಿಡಿದು ಹಿಂದಕ್ಕೆ ಸೆಳೆದ. ಅಷ್ಟು ಮಾಡಿದ್ದು ಸರಿ. ಆದರೆ ಹಿಡಿದ ಕೈ ಬಿಡಲಿಲ್ಲ. ಅವಳನ್ನು ಎಳೆದುತಂದು ಆ ಕೈಯನ್ನು ಅಡೆಗಲ್ಲಿನ ಮೇಲೆ ಒತ್ತಿದ.

"ಈ ಕೈ! ಈ ಕೈಯೇ ಬೆಂಕಿಗೆ ಹೋಗೋದು! ಈ ದರಿದ್ರ ಕೈ!"

ಅವನ ಧ್ವನಿಯಾಗಿರಲಿಲ್ಲ ಅದು. ಆ ಧ್ವನಿ ಯಾರದ್ದೆಂದು ನನಗೆ ಗೊತ್ತಾಯಿತು, ಬ್ಯಾಂಕಿಗೂ ಗೊತ್ತಾಗಿರಬೇಕು. ಅವನ ನಗು ನಿಂತುಹೋಯಿತು. ತಮ್ಮ ಪಕ್ಕಕ್ಕೆ ಒರಗಿಸಿಟ್ಟಿದ್ದ ಕಬ್ಬಿಣದ ಸರಳು ಎತ್ತಿಕೊಂಡ. ಹೆಬ್ಬೆರಳಿನಷ್ಟು ದಪ್ಪದ್ದು, ಒಂದು ಮೊಳ ಉದ್ದದ್ದು. ಪುಟ್ಟಿಯ ಐದು ಬೆರಳು ಅಡೆಗಲ್ಲಿನ ಮೇಲೆ ಹರಡಿಕೊಂಡಿದ್ದವು. ಅವಳು ಎಳೆದುಕೊಳ್ಳಲು ಒದ್ದಾಡುತ್ತಿದ್ದಳು, ಕಿರುಚುತ್ತಿದ್ದಳು. ಮನೆಯೊಳಗಿಂದ ಸೊಸೆ "ಏನಾಯ್ತೇ ಪುಟ್ಟಿ?" ಅನ್ನುತ್ತ ಓಡಿಬರುವುದು ಕೇಳಿಸಿತು. ಅವಳು ಬಂದು ತಲುಪುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ.

ನಾನು ಎದ್ದು ಅವನ ತೋಳಿಗೆ ಕೈ ಹಾಕಿದೆ. ಗಾಳಿ ಸಿಕ್ಕಿತು. ಇನ್ನೊಮ್ಮೆ ಹಾಕಿದೆ. ಅಂಗಿಯ ಅಂಚು ಸಿಕ್ಕಿ ಹರಿದುಬಂತು. ಅವನು ನನ್ನನ್ನು ಭುಜದಿಂದ ತಳ್ಳಿದ. ನಾನು ಮಂಡಿಯೂರಿ ಬಿದ್ದೆ. ಅವನಿಗೆ ನಾನು ಕಾಣುತ್ತಲೇ ಇರಲಿಲ್ಲ. ಸರಳು ಮೇಲಕ್ಕೆ ಹೋಯಿತು.

ಬಿದ್ದಲ್ಲಿ ನನ್ನ ಕೈಗೆ ಸಿಕ್ಕಿದ್ದು ಚಿಕ್ಕ ಸುತ್ತಿಗೆ. ಅಪ್ಪನದ್ದೇ, ಹಿಡಿ ಮಾತ್ರ ಬದಲಾಗಿದೆ. ಯೋಚನೆ ಮಾಡಿ ಮಾಡಿದ್ದಲ್ಲ. ಅಡೆಗಲ್ಲಿನ ಖಾಲಿ ಅಂಚಿಗೆ ಬಡಿದೆ.

ಟಣ್. ಟಣ್.

ಸರಳು ನಿಂತಿತು.

ತಲೆಯ ಮೇಲೆ, ಎತ್ತಿದ್ದು ಎತ್ತಿದ ಹಾಗೇ. ತೋಳಿನ ನರ ಹಗ್ಗದ ಹಾಗೆ ಉಬ್ಬಿತ್ತು, ಆದರೆ ಅಲುಗಲಿಲ್ಲ. ಅವನ ಮುಖದ ತುಂಬ ಸಿಟ್ಟು ಇನ್ನೂ ಹಾಗೇ ಇತ್ತು. ಕೈ ಮಾತ್ರ ನಿಂತಿತ್ತು. ಕಣ್ಣು ನಿಧಾನ ಮೇಲಕ್ಕೆ ಹೋಯಿತು, ಸರಳು ಯಾಕೆ ಇಳಿಯುತ್ತಿಲ್ಲ ಅಂತ ನೋಡುವವನ ಹಾಗೆ. ಆಗ ಅವನಿಗೆ ಕಂಡಿತು, ನನಗೂ ಕಂಡಿತು. ಸರಳಿನ ಮೇಲೆ ಮೂರು ಬೆರಳು ಬಿಗಿದಿದ್ದವು. ಎರಡು ಬೆರಳು ಮಡಚದೆ ನೆಟ್ಟಗೆ ನಿಂತಿದ್ದವು.

ಸರಳನ್ನು ಎಡಗೈಯಲ್ಲಿ ಎತ್ತಿದ್ದ.

ಪುಟ್ಟಿಯ ಮುಂಗೈ ಹಿಡಿದಿದ್ದ ಬಲಗೈ ಸಡಿಲವಾಯಿತು. ಅವಳು ಕೈ ಎಳೆದುಕೊಂಡು ನನ್ನ ಹತ್ತಿರಕ್ಕೆ ಬಂದುಬಿದ್ದಳು. ತಮ್ಮ ಸರಳು ಇಳಿಸಲಿಲ್ಲ, ಎಸೆಯಲಿಲ್ಲ. ಅಡೆಗಲ್ಲಿನ ಮುಂದೆ ಹಾಗೇ ನಿಂತು ತನ್ನ ಕೈಯನ್ನೇ ನೋಡುತ್ತಿದ್ದ. ಅವನ ತುಟಿ ಅಲುಗಿತು. "ಅಣ್ಣ" ಅಂದನೋ ಏನೋ.

ಬಾಗಿಲಲ್ಲಿ ಬೂಟಿನ ಸದ್ದಾಯಿತು.

ಮಗ ಕೆಲಸ ಮುಗಿಸಿ ಬರುತ್ತಿದ್ದವನು ಕಿರುಚಾಟ ಕೇಳಿ ಬೈಕು ಬೀದಿಯಲ್ಲೇ ಉರುಳಿಸಿ ಓಡಿಬಂದಿದ್ದ. ಹೆಲ್ಮೆಟ್ಟು ಕೈಯಲ್ಲೇ ಇತ್ತು. ಅವನಿಗೆ ಕಂಡದ್ದೇನು? ನೆಲದ ಮೇಲೆ ಅಳುವ ಮಗಳು, ಮಂಡಿಯೂರಿದ ದೊಡ್ಡಪ್ಪ, ಸರಳು ಎತ್ತಿ ನಿಂತ ಅಪ್ಪ. ಅಷ್ಟೆ. ನಿಂತ ಕೈಗೂ ಇಳಿಯಲಿರುವ ಕೈಗೂ ವ್ಯತ್ಯಾಸ ಹೊರಗಿಂದ ಬಂದವನಿಗೆ ಹೇಗೆ ಗೊತ್ತಾಗಬೇಕು?

ಅವನು ಹೆಲ್ಮೆಟ್ಟು ಬೀಸಿದ. ನಾನು ಮತ್ತೆ ಬಡಿದೆ, ಟಣ್ ಟಣ್, ಕೈಯಲ್ಲಿದ್ದ ಬಲವೆಲ್ಲ ಹಾಕಿ. ಕುಲುಮೆಯಲ್ಲಿ ಬೆಳೆಯದವನಿಗೆ ಅದು ಬರೀ ಸದ್ದು. ಹೆಲ್ಮೆಟ್ಟು ತಮ್ಮನ ಎಡ ಮೊಣಕೈಗೆ ಅಪ್ಪಳಿಸಿತು. ಸರಳು ಹಾರಿ ಗೋಡೆಗೆ ಬಿತ್ತು. ತಮ್ಮ ಪಕ್ಕಕ್ಕೆ ವಾಲಿದ. ಮಗ ಎರಡನೇ ಸಲ ಬೀಸಿದ, ಅದು ಭುಜಕ್ಕೆ. ಮೂರನೇ ಸಲದ್ದಕ್ಕೆ ತಮ್ಮ ಬಿದ್ದ. ಬೀಳುವಾಗ ಅದೇ ತೋಳು ಅಡೆಗಲ್ಲಿನ ಮುಂಚಾಚಿದ ಕೊಂಬಿಗೆ ಸಿಕ್ಕಿತು. ಹಸಿಕಡ್ಡಿ ಮುರಿದ ಸದ್ದು.

ಅವನು ಆಗಲೂ ಕೂಗಲಿಲ್ಲ.

"ಹೇಳಿದ್ದೆ ತಾನೇ! ಹೇಳಿದ್ದೆ ತಾನೇ ನಿನಗೆ!" ಮಗ ಕಾಲೆತ್ತಿದ. ಪುಟ್ಟಿ ಹೋಗಿ ಆ ಕಾಲನ್ನು ತಬ್ಬಿಕೊಂಡಳು. "ತಾತ ನಿಲ್ಲಿಸಿದ್ರು ಅಪ್ಪಾ! ನಿಲ್ಲಿಸಿದ್ರು! ಹೊಡೀಲಿಲ್ಲ!"

"ಕೈ ಎತ್ತಿದ್ದು ನಾನೇ ನೋಡಿದೆ!"

"ಎತ್ತಿ ನಿಲ್ಲಿಸಿದ್ರು!"

ಸೊಸೆ ಬಂದು ಗಂಡನ ಕೈಯಿಂದ ಹೆಲ್ಮೆಟ್ಟು ಕಿತ್ತುಕೊಂಡು ಹೊರಗೆ ಎಸೆದಳು. ಮಗಳ ಕೈ ತಿರುಗಿಸಿ ತಿರುಗಿಸಿ ನೋಡಿದಳು. ಬೆರಳು ಐದೂ ಸರಿಯಾಗಿದ್ದವು. ಆಮೇಲೆ ಗಂಡನ ಮುಖ ನೋಡಿ, "ಈಗ ಸಮಾಧಾನ ಆಯ್ತಾ?" ಅಂದಳು. ಬ್ಯಾಂಕು ಯಾವಾಗ ಎದ್ದುಹೋಗಿದ್ದನೋ ಗೊತ್ತಿಲ್ಲ. ಅವನ ದೊಡ್ಡ ಕತ್ತರಿ ಬೆಂಚಿನ ಮೇಲೆ ಉಳಿದಿತ್ತು.

ಆಸ್ಪತ್ರೆಗೆ ಮಗನೇ ಎತ್ತಿಕೊಂಡು ಹೋದ. ಆಟೋದಲ್ಲಿ ಅಪ್ಪನ ತಲೆ ತನ್ನ ತೊಡೆಯ ಮೇಲಿಟ್ಟುಕೊಂಡಿದ್ದ. ನಾನು ಪುಟ್ಟಿಯನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದೆ. ತಾತನನ್ನು ಬಿಟ್ಟು ಮನೆಯಲ್ಲಿರಲು ಅವಳು ಒಪ್ಪಲಿಲ್ಲ.

ಬಿಳಿ ಕೋಣೆ. ಚಕ್ರದ ಮಂಚ. ನರ್ಸಮ್ಮ ಅಂಗಿಯ ತೋಳು ಕತ್ತರಿಸುತ್ತ ಕೇಳಿದಳು, "ಹೇಗಾಯ್ತಜ್ಜ ಇದು?"

ತಮ್ಮ ಕಣ್ಣು ಮುಚ್ಚಿಕೊಂಡೇ ಹೇಳಿದ, "ಬಿದ್ದೆ."

ನಾನು ತಲೆಯಾಡಿಸಿದೆ. ಅಭ್ಯಾಸ.

"ಬಿದ್ದಿಲ್ಲ" ಅಂದಳು ಪುಟ್ಟಿ. "ನಮ್ಮಪ್ಪ ಹೊಡೆದ್ರು. ಹೆಲ್ಮೆಟ್ಟಲ್ಲಿ."

ನರ್ಸಮ್ಮನ ಕತ್ತರಿ ನಿಂತಿತು. ನಮ್ಮ ಮನೆಯಲ್ಲಿ ಅಂಥ ಮಾತನ್ನು ಹೊರಗಿನವರ ಮುಂದೆ ಆಡಿದವರು ಯಾರೂ ಇರಲಿಲ್ಲ. ಈಗ ಮಗ ಅವಳ ಕೆನ್ನೆಗೆ ಬಾರಿಸುತ್ತಾನೆ ಅಂದುಕೊಂಡೆ. ಅಡ್ಡ ಹೋಗಲು ಎದ್ದೂಬಿಟ್ಟೆ. ಅವನು ಗೋಡೆಗೆ ಒರಗಿ ನಿಂತಿದ್ದ.

"ಹೌದು" ಅಂದ. "ನಾನೇ ಹೊಡೆದದ್ದು. ಬರ್ಕೊಳ್ಳಿ."

"ತಾತನೂ ನನಗೆ ಹೊಡೀತಿದ್ರು" ಅಂದಳು ಪುಟ್ಟಿ. ಯಾರನ್ನೂ ಬಿಡುವ ಹಾಗೆ ಕಾಣಲಿಲ್ಲ ಅವಳು. "ಆದ್ರೆ ಇವತ್ತು ಹೊಡೀಲಿಲ್ಲ."

ತಮ್ಮ ಕಣ್ಣು ತೆರೆದು ಅವಳನ್ನು ನೋಡಿದ. "ಅವಳು ಹೇಳಿದ್ದೇ ಸರಿ ಕಣಮ್ಮ" ಅಂದ ನರ್ಸಮ್ಮನಿಗೆ. "ನಾನು ಬಿದ್ದಿಲ್ಲ. ಈ ಬೆರಳು ಮುರಿದಾಗಲೂ ಬಿದ್ದಿರಲಿಲ್ಲ."

ಮೊಣಕೈಯೊಳಗೆ ಉಕ್ಕಿನ ಪಟ್ಟಿ ಕೂರಿಸಿ ಪ್ಲಾಸ್ಟರು ಹಾಕಿದರು. ವಿಚಾರಣೆಗೆ ಬಂದ ಪೊಲೀಸರ ಮುಂದೆ ಅಪ್ಪ ಮಗ ಇಬ್ಬರೂ ನಡೆದದ್ದನ್ನು ನಡೆದ ಹಾಗೇ ಹೇಳಿದರು. ನಾನೂ ಹೇಳಿದೆ. ಮುಂದೆ ಏನು ಮಾಡುತ್ತಾರೋ ಅವರಿಗೆ ಬಿಟ್ಟದ್ದು. ಬ್ಯಾಂಕು ಒಂದು ಸಂಜೆ ಹಣ್ಣು ಹಿಡಿದುಕೊಂಡು ಬಂದು, ಮಂಚದ ತುದಿಯಲ್ಲಿ ನಿಂತು ಕೆಮ್ಮಿದ. "ಫೋಟೋ ಕಾರ್ಯಕ್ರಮ ಮುಂದಕ್ಕೆ ಹಾಕಿದೀವಿ. ನೀನು ಹುಷಾರಾದ ಮೇಲೇ ಮಾಡೋಣ. ಒಂದು ಕೈಯಲ್ಲಿ ಸರಿಸಿದ್ರೂ ನಡೆಯುತ್ತೆ ಪರದೆ."

"ಪರದೆ ಇರಲಿ ಬಿಡಯ್ಯ" ಅಂದ ತಮ್ಮ. "ಮುಚ್ಚಿಕೊಂಡೇ ಇರಲಿ. ಹಾಗೇ ಚೆನ್ನಾಗಿ ಕಾಣ್ತಾರೆ ಮೇಷ್ಟ್ರು." ಆಮೇಲೆ ಗೋಡೆ ಕಡೆ ತಿರುಗಿದ. "ಮತ್ತೆ ಎಡಚ ಅಂತ ಕರೆದ್ರೆ ಈ ಹಣ್ಣು ನಿನ್ನ ಬಾಯಿಗೇ ತುರುಕ್ತೀನಿ."

ಹೊರಗಿನ ಮೊಗಸಾಲೆಯ ಬೆಂಚಿನಲ್ಲಿ ಮಗ ಕೂತಿದ್ದ. ಅಪ್ಪನ ಕೋಣೆಗೆ ಊಟ ಒಯ್ಯುತ್ತಾನೆ, ಮಗ್ಗುಲು ಬದಲಾಯಿಸುತ್ತಾನೆ, ಮೈ ಒರೆಸುತ್ತಾನೆ. ಆದರೆ ಒಳಗೆ ಕೂರುವುದಿಲ್ಲ, ಕೆಲಸ ಮುಗಿದ ತಕ್ಷಣ ಹೊರಗೆ ಬರುತ್ತಾನೆ. ನಾನು ಹೋಗಿ ಪಕ್ಕದಲ್ಲಿ ಕೂತೆ. ಅವನು ತನ್ನ ಎರಡೂ ಕೈಗಳನ್ನು ಮಂಡಿಗಳ ನಡುವೆ ಅದುಮಿಕೊಂಡಿದ್ದ.

"ದೊಡ್ಡಪ್ಪ, ಅವತ್ತು ನೀವು ಸುತ್ತಿಗೆಯಿಂದ ಬಡಿದ್ರಲ್ಲ, ಅದು ಏನದು?"

"ಅದೊಂದು ಸದ್ದು ಕಣೋ. ನಿಮ್ಮ ತಾತ ನಮಗೆ ಕಲಿಸಿದ್ದು. ನಿಲ್ಲು ಅಂತ ಅರ್ಥ."

"ಯಾರಿಗೆ?"

"ಮೊದಲನೇ ಸಲ ಬಡಿದದ್ದು ನಿಮ್ಮಪ್ಪನಿಗೆ."

ಒಳಗಿಂದ ಪುಟ್ಟಿಯ ಧ್ವನಿ ಕೇಳಿಸುತ್ತಿತ್ತು, ತಾತನ ಪ್ಲಾಸ್ಟರಿನ ಮೇಲೆ ಏನೋ ಚಿತ್ರ ಬರೆಯುತ್ತಿದ್ದಳು. "ಅಲುಗಾಡಬೇಡಿ ತಾತ, ಗೆರೆ ಸೊಟ್ಟ ಆಗುತ್ತೆ" ಎಂದು ಗದರುತ್ತಿದ್ದಳು.

"ಎರಡನೇ ಸಲ?" ಅಂದ ಮಗ.

ನಾನು ಅವನ ಮುಖವನ್ನೇ ನೋಡಿದೆ. ಅವನು ಮುಖ ಮುಚ್ಚಿಕೊಂಡ. ಅವನ ಬೆನ್ನ ಮೇಲೆ ಕೈಯಿಡೋಣ ಅಂತ ಚಾಚಿದೆ. ಗಾಳಿ ಸಿಕ್ಕಿತು. ಇನ್ನೊಂದು ಚೂರು ಮುಂದಕ್ಕೆ ಚಾಚಿದೆ, ಆಗ ಸಿಕ್ಕಿದ.